ಮಾತು ಬಿಡಿಸುವ ಚಿತ್ರ

ಅಡಿಗೆಮನೆಯಲ್ಲಿ ಕಾವ್ಯವೇ ಎಂದು ನೀವು ನಗಬಹುದು. ಆದರೆ ‘ನಿಂಬೆ ಗಾತ್ರದ ಹುಣಸೆಹಣ್ಣು’, ‘ಒಂದೆಳೆ ಪಾಕ’, ‘ಮಲ್ಲಿಗೆ ಹೂವಿನಂಥ ಇಡ್ಲಿ’ ಎಂದು ದಿನಾ ಹೇಳುವವರು ನಾವೇ ಅಲ್ಲವೇ? ತಕ್ಕಡಿ ಬೇಡ, ಗಡಿಯಾರ ಬೇಡ. ಕೇಳಿದವಳ ಕಣ್ಣಿಗೆ ಹದ ಕಟ್ಟಿಬಿಡುತ್ತದೆ. ಹೀಗೆ ಮಾತಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡಿಸುವುದಕ್ಕೆ ಇಂಗ್ಲಿಷಿನವರು ಇಮೇಜರಿ ಎನ್ನುತ್ತಾರೆ. ನಮ್ಮ ವಿಮರ್ಶಕರು ಮಾತಿನ ಇಂಥ ಚಿತ್ರವನ್ನು ‘ಪ್ರತಿಮೆ’ ಎಂದು ಕರೆದರು. ಗುಡಿಯ ವಿಗ್ರಹಕ್ಕೂ ಅದೇ ಹೆಸರು. ಅದು ಕಲ್ಲಿನದು, ಇದು ಮಾತಿನದು, ಅಷ್ಟೆ.

ಚಿತ್ರವೆಂದರೆ ಕಣ್ಣಿಗೆ ಕಾಣುವುದು ಮಾತ್ರವಲ್ಲ. ‘ಸಾಸಿವೆ ಚಟಪಟ ಅಂತು’ ಎಂದರೆ ಕಿವಿಗೆ ಕೇಳುತ್ತದೆ. ‘ಇಂಗಿನ ಒಗ್ಗರಣೆ ಘಮ್ಮಂತು’ ಎಂದರೆ ಮೂಗು ಅರಳುತ್ತದೆ. ಕನ್ನಡಕ್ಕೆ ಇದು ಹೊಸದೂ ಅಲ್ಲ. ನಮಗೆ ಸಿಕ್ಕಿರುವ ಮೊಟ್ಟಮೊದಲ ಕನ್ನಡ ಗ್ರಂಥ, 9ನೆಯ ಶತಮಾನದ ‘ಕವಿರಾಜಮಾರ್ಗ’, ಉಪಮೆ ರೂಪಕಗಳನ್ನು ವಿವರಿಸುವ ಅಲಂಕಾರ ಗ್ರಂಥವೇ. ಕುಮಾರವ್ಯಾಸನನ್ನಂತೂ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೇ ಹೊಗಳುತ್ತಾರೆ.

ಈಗ ಇಮೇಜರಿ ಎಂಬ ಪದವನ್ನು ಉಪಗ್ರಹಗಳು ತೆಗೆಯುವ ಚಿತ್ರಗಳಿಗೂ ಬಳಸುತ್ತಾರೆ. 1988ರಲ್ಲಿ ಮೇಲಕ್ಕೆ ಹೋದ ನಮ್ಮ ದೇಶದ ಐಆರ್‌ಎಸ್-1ಎ ಕೆರೆ, ಕಾಡು, ಬೆಳೆಗಳ ಚಿತ್ರ ಕಳಿಸುತ್ತಿತ್ತು. ಅಂಥ ಚಿತ್ರ ಇದ್ದುದನ್ನು ಇದ್ದ ಹಾಗೆ ತೋರಿಸುತ್ತದೆ. ಮಾತಿನ ಚಿತ್ರ ಹಾಗಲ್ಲ, ಇಲ್ಲದ್ದನ್ನೂ ತೋರಿಸಿ ನಂಬಿಸಿಬಿಡುತ್ತದೆ. ಭಯವಿರುವುದು ಅಲ್ಲಿಯೇ.

ಒಂದು ಸಂಜೆ ಪರಿಚಯದ ಹಿರಿಯರೊಬ್ಬರು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ, “ವಯಸ್ಸಿಗೆ ಬಂದ ಮಗಳು ಅಂದ್ರೆ ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ ಕಣಮ್ಮಾ” ಎಂದರು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮಗಳ ಬೆರಳು ತಟಕ್ಕನೆ ನಿಂತಿತು. ಅವರು ಹೋದ ಮೇಲೆ ಮೆಲ್ಲಗೆ ಕೇಳಿದಳು, “ಅಮ್ಮಾ, ನಾನು ನಿನ್ನ ಸೀರೆ ಸುಡ್ತೀನಾ?”

ಕರುಳು ಚುರ್ ಎಂದಿತು. ಸೆರಗಿನ ಕೆಂಡವನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಕೊಡವಿಬಿಡುತ್ತಾರೆ. ಓದು ಬಿಡಿಸಿ, ಯಾರಾದರೂ ಸರಿ ಎಂದು ಬೇಗ ಧಾರೆಯೆರೆದು ಕಳಿಸುವ ಅವಸರವೆಲ್ಲ ಆ ಒಂದು ಚಿತ್ರದಲ್ಲೇ ಅಡಗಿದೆ!

ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ಒಳಗಿನಿಂದ ನಮ್ಮತ್ತೆಯವರು ಬಂದರು. “ಕೆಂಡ ಅಂದ್ರೆ ಬೇಜಾರ್ಯಾಕೆ ಮಗೂ? ನಮ್ಮ ಕಾಲದಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಜೋಪಾನ ಮಾಡ್ತಿದ್ವಿ. ಬೆಳಿಗ್ಗೆ ಬೀದಿಯವರೆಲ್ಲ ಅದನ್ನೇ ಕೇಳ್ಕೊಂಡು ಬರೋರು. ಸೆರಗಲ್ಲಿ ಕಟ್ಟಿದ್ದು ಕಟ್ಟಿದವರ ತಪ್ಪು, ಕೆಂಡದ್ದಲ್ಲ” ಎಂದರು. ಮಗಳ ಮುಖ ಅರಳಿತು.

ಹತ್ತು ಮಾತಿನ ವಾದ ಮಾಡದ ಕೆಲಸವನ್ನು ಇನ್ನೊಂದು ಚಿತ್ರ ಮಾಡಿತು ನೋಡಿ. ಚಿತ್ರಕ್ಕೆ ಚಿತ್ರವೇ ಮದ್ದು.

‘ಗಂಡು ದಿಕ್ಕಿಲ್ಲದ ಮನೆ’, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದೆಲ್ಲ ನಮ್ಮ ನಾಲಿಗೆಯ ಮೇಲೂ ಸಲೀಸಾಗಿ ಬರುತ್ತದೆ. ಆಡುವ ಮುಂಚೆ ಆ ಮಾತು ಎಂಥ ಚಿತ್ರ ಬರೆಯುತ್ತದೆಂದು ಒಂದು ಗಳಿಗೆ ಯೋಚಿಸೋಣ. ಪಾಕದ ಹದ ನೋಡುವ ನಮಗೆ ಮಾತಿನ ಹದ ತಿಳಿಯದೇ?