ಇಳಿಯದೆ ಹೋಗುವ ಊರು

"ನಿಮ್ಮ ಊರೆಲ್ಲಿ?" ಅಂತ ಬೆಂಗಳೂರಲ್ಲಿ ಯಾರಾದರೂ ಕೇಳಿದರೆ ಕಕ್ಕಿಂಜೆ ಅನ್ನುತ್ತೇನೆ. ಅರ್ಥವಾಗಲಿಲ್ಲ ಅಂತ ಮುಖವೇ ಹೇಳುತ್ತದೆ. "ಉಜಿರೆ, ಮುಂಡಾಜೆ ದಾಟಿ, ಚಾರ್ಮಾಡಿ ಘಾಟಿ ಹತ್ತುವ ಮುಂಚೆ" ಅಂದರೆ, "ಓ, ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇವೆ!" ಅನ್ನುತ್ತಾರೆ. ಹೋಗಿದ್ದಾರೆ, ಇಳಿದಿಲ್ಲ.

ತೋರಿಸಲಿಕ್ಕೆ ನಮ್ಮಲ್ಲಿ ಕೋಟೆ ಇಲ್ಲ ಮಾರಾಯ್ರೆ. ಅದು ಬೇಕಾದರೆ ಟಿಪ್ಪು ಕಟ್ಟಿಸಿದ ಜಮಲಾಬಾದಿಗೆ, ನಮ್ಮ ಬಾಯಲ್ಲಿ ಗಡಾಯಿಕಲ್ಲಿಗೆ, ಹೋಗಬೇಕು. ನಮ್ಮೂರಲ್ಲಿರುವುದು ನೆರಿಯ ಕಡೆಯ ಜೀಪು. ತುಳು, ಬ್ಯಾರಿ, ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರ ಮಲಯಾಳ, ಮುಂಡಾಜೆ ಕಡೆಯವರ ಚಿತ್ಪಾವನಿ ಎಲ್ಲವೂ ಅದರಲ್ಲಿ ಮೊಣಕಾಲು ತಾಗಿಸಿ ಕೂತಿರುತ್ತವೆ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ. ಉಳಿದದ್ದೆಲ್ಲ ಈ ಜೀಪಿನಲ್ಲಿ.

2019ರ ಆಗಸ್ಟಿನಲ್ಲಿ ಘಟ್ಟದ ಗುಡ್ಡಗಳು ಜರಿದವು. ಘಾಟಿ ರಸ್ತೆ ಬಂದ್. ಮೃತ್ಯುಂಜಯ ಹೊಳೆ ಮರಳು, ದಿಮ್ಮಿ ಹೊತ್ತು ತೋಟಗಳಿಗೆ ನುಗ್ಗಿತು. ಹೆಸರು ಮಾತ್ರ ಮೃತ್ಯುಂಜಯ! ನಮ್ಮ ಕೆಳಗಿನ ಅಡಿಕೆ ತೋಟ ಪೂರ್ತಿ ಹೋಯಿತು. ಹಾರೆ ಹಿಡಿದು ಮರಳು ತೆಗೆಯಲು ಬಂದವರು ಅದೇ ಜೀಪಿನ ಜನ.

"ಮಾರಿಬಿಡುವ ಅಪ್ಪ, ಬೆಂಗಳೂರಿಗೆ ಬನ್ನಿ" ಅಂದೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು. "ಹೊಳೆ ಬದಿಯಲ್ಲಿದ್ದು ಹೊಳೆ ಬರಬಾರದು ಅಂದರೆ ಹೇಗೆ?" ಅಂದವರೇ ಸಸಿ ತರಲು ಹೊರಟರು. ಅಡಿಕೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅವರಿಗೆ ಗೊತ್ತಿಲ್ಲದ ಲೆಕ್ಕವೇ?

ಮೊನ್ನೆ ಅವರಿಂದ ಒಂದು ಫೋಟೋ ಬಂತು. ಹೊಸ ಮರದಲ್ಲಿ ಮೊದಲ ಹಿಂಗಾರ. ಕೆಳಗೆ ಒಂದೇ ಸಾಲು: "ಈ ಸಲ ಬಂದಾಗ ಇಳಿ."