ಐಗರ್ ಪರ್ವತದ ಬುಡದಲ್ಲಿ

ಸ್ವಿಟ್ಜರ್‌ಲೆಂಡ್ ದೇಶದ ಬರ್ನ್ ಪ್ರಾಂತದ ದಕ್ಷಿಣ ಭಾಗದಲ್ಲಿ ಐಗರ್, ಮೋಂಖ್, ಯುಂಗ್‌ಫ್ರಾವ್ ಎಂಬ ಮೂರು ಹಿಮಶಿಖರಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಇವುಗಳನ್ನು ಕಣ್ಣಾರೆ ಕಾಣುವ ಮೊದಲೇ ಲೋಕದ ಬಹುಮಂದಿ ಬೆಳ್ಳಿತೆರೆಯ ಮೇಲೆ ಕಂಡಿರುತ್ತಾರೆ. ನಮ್ಮ ಬಂಧುವರ್ಗದ ಒಂಬತ್ತು ಮಂದಿ ಮೇ ತಿಂಗಳ ಕೊನೆಯಲ್ಲಿ ಅಲ್ಲಿಗೆ ಪ್ರವಾಸ ಹೋದಾಗ ನಮ್ಮ ಸ್ಥಿತಿಯೂ ಇದೇ ಆಗಿತ್ತು. ನಮ್ಮೊಡನಿದ್ದ ತರುಣರಂತೂ ಬೆಟ್ಟದ ಸಾಹಸದ ಚಿತ್ರಗಳನ್ನು ಒಂದೂ ಬಿಡದೆ ನೋಡಿದವರು. ಹಿಮದ ಮೇಲೆ ಮನುಷ್ಯ ಹೇಗೆ ಓಡುತ್ತಾನೆ, ಬಂಡೆಯಿಂದ ಬಂಡೆಗೆ ಹೇಗೆ ಜಿಗಿಯುತ್ತಾನೆ ಎಂಬುದೆಲ್ಲ ಅವರಿಗೆ ಮೊದಲೇ ತಿಳಿದಿದ್ದಂತಿತ್ತು.

ಇಂಟರ್‌ಲಾಕೆನ್ ಪಟ್ಟಣದಿಂದ ಲೌಟರ್‌ಬ್ರುನ್ನೆನ್ ಕಣಿವೆಗೆ ರೈಲಿನಲ್ಲಿ ಅರ್ಧ ತಾಸೂ ಬೇಕಿಲ್ಲ. ಎರಡೂ ಬದಿಗೆ ಗೋಡೆ ಎಬ್ಬಿಸಿದಂತಹ ಬಂಡೆ, ನಡುವೆ ಹಸಿರು ಹುಲ್ಲುಗಾವಲು, ಕೊರಳಿಗೆ ಗಂಟೆ ಕಟ್ಟಿದ ಆಕಳುಗಳು. ಊರಿನ ಪಕ್ಕದಲ್ಲಿಯೇ ಸ್ಟೌಬ್‌ಬಾಖ್ ಎಂಬ ಜಲಪಾತ ಸುಮಾರು 300 ಮೀಟರ್ ಎತ್ತರದಿಂದ ಬೀಳುತ್ತದೆ. ಎತ್ತರದಲ್ಲಿ ನಮ್ಮ ಜೋಗಕ್ಕಿಂತ ಮಿಗಿಲಾದರೂ ನೀರು ತೀರ ಕಡಿಮೆ. ನೆಲ ಮುಟ್ಟುವ ಮೊದಲೇ ಗಾಳಿಗೆ ಹನಿಹನಿಯಾಗಿ ಚೆದುರಿಬಿಡುತ್ತದೆ. ಜೋಗವನ್ನು ಮಳೆಗಾಲದಲ್ಲಿ ಕಂಡವರಿಗೆ ಇದು ಮೊರೆಯನ್ನೇ ಮರೆತ ಜಲಪಾತ.

ಈ ಕಣಿವೆಯ ಪಶ್ಚಿಮದ ಅಂಚಿನಲ್ಲಿ 2,970 ಮೀಟರ್ ಎತ್ತರದ ಶಿಲ್ಟ್‌ಹಾರ್ನ್ ಶಿಖರವಿದೆ. ಅದರ ನೆತ್ತಿಯ ಮೇಲೆ ತಿರುಗುವ ಉಪಾಹಾರ ಗೃಹವೊಂದನ್ನು ಕಟ್ಟುತ್ತಿದ್ದ ಕಾಲದಲ್ಲಿ, ಜೇಮ್ಸ್ ಬಾಂಡ್ ಚಿತ್ರದ ನಿರ್ಮಾಪಕರು ಹಣ ಕೊಟ್ಟು ಒಳಾಂಗಣವನ್ನು ಪೂರ್ಣಗೊಳಿಸಿ ಚಿತ್ರೀಕರಣಕ್ಕೆ ಬಳಸಿಕೊಂಡರು. 1969ರಲ್ಲಿ ತೆರೆಗೆ ಬಂದ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಅದೇ ಚಿತ್ರ. ಅದರಲ್ಲಿ ಖಳನಾಯಕನು ಸ್ಫೋಟಕ ಸಿಡಿಸಿ ಹಿಮಪಾತವನ್ನು ಕೆಡವುತ್ತಾನೆ; ನಾಯಕನು ಅದರಡಿ ಸಿಕ್ಕಿಯೂ ಮೈಕೊಡವಿಕೊಂಡು ಎದ್ದು ಬರುತ್ತಾನೆ. ಸ್ಫೋಟಕದಿಂದ ಹಿಮ ಕುಸಿಯುವುದು ಸುಳ್ಳಲ್ಲ. ಅಪಾಯದ ಹಿಮವನ್ನು ಜನಸಂಚಾರಕ್ಕೆ ಮುನ್ನವೇ ಸಿಡಿಮದ್ದಿನಿಂದ ಕೆಡವುವುದು ಆಲ್ಪ್ಸ್ ಸೀಮೆಯಲ್ಲಿ ರೂಢಿಯೇ ಆಗಿದೆ. ಆದರೆ ಬೇರೆ ಅನೇಕ ಚಿತ್ರಗಳಲ್ಲಿ ತೋರಿಸುವಂತೆ ಮನುಷ್ಯನ ಕೂಗಿಗೆ ಹಿಮಪಾತವಾಗುವುದಿಲ್ಲ. ಧ್ವನಿಗೆ ಅಷ್ಟು ಬಲವಿಲ್ಲ. ಸಡಿಲ ಪದರಿನ ಮೇಲೆ ಕುಳಿತ ಹಿಮದ ಹಾಸನ್ನು ಬಹುಮಟ್ಟಿಗೆ ಕೆಡವುವುದು ಅದರ ಮೇಲೆ ಕಾಲಿಟ್ಟವನ ಭಾರವೇ. ಒಣ ಹಿಮಪಾತ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿದು, ನಿಂತ ಕ್ಷಣವೇ ಗಾರೆಯಂತೆ ಬಿಗಿದುಕೊಳ್ಳುತ್ತದೆ. ಒಳಗೆ ಸಿಕ್ಕವನಿಗೆ ಬೆರಳು ಅಲುಗಿಸಲೂ ಆಗದು. ಹೊರಗಿನವರು ಮೊದಲ ಕಾಲು ತಾಸಿನಲ್ಲಿ ಅಗೆದು ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ತಾಸು ಮೀರಿದರೆ ಬದುಕುವವರು ಮೂವರಲ್ಲಿ ಒಬ್ಬರಷ್ಟೇ. ನಾಯಕನು ಮೈಕೊಡವಿಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು.

ಲೌಟರ್‌ಬ್ರುನ್ನೆನ್‌ನಿಂದ ಹಲ್ಲುಕಂಬಿಯ ರೈಲು ವೆಂಗೆನ್ ಮಾರ್ಗವಾಗಿ 2,061 ಮೀಟರ್ ಎತ್ತರದ ಕ್ಲೈನೆ ಶೈಡೆಗ್ ಎಂಬ ನಿಲ್ದಾಣಕ್ಕೆ ಏರುತ್ತದೆ. ಅಲ್ಲಿಂದ ಮುಂದಿನ ರೈಲು ಐಗರ್ ಮತ್ತು ಮೋಂಖ್ ಪರ್ವತಗಳ ಹೊಟ್ಟೆಯನ್ನೇ ಕೊರೆದ ಸುರಂಗದಲ್ಲಿ ಸಾಗಿ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ತಲುಪುತ್ತದೆ. 1896ರಲ್ಲಿ ಆರಂಭವಾದ ಈ ಕೆಲಸ 1912ರಲ್ಲಿ ಮುಗಿಯಿತು. ಇದನ್ನು ಕಲ್ಪಿಸಿದ ಅಡಾಲ್ಫ್ ಗೂಯರ್-ಝೆಲ್ಲರ್ ಎಂಬ ಉದ್ಯಮಿ 1899ರಲ್ಲಿಯೇ ತೀರಿಕೊಂಡಿದ್ದನು.

ಮೇಲೆ ಇಳಿದೊಡನೆ ನಮ್ಮ ತರುಣರು ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದರು. ಇಪ್ಪತ್ತು ಮೆಟ್ಟಿಲೂ ಆಗಿರಲಿಲ್ಲ. ಗೋಡೆ ಹಿಡಿದು ನಿಂತರು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆ. ನಿವೃತ್ತ ಮುಖ್ಯೋಪಾಧ್ಯಾಯರಾದ ನಮ್ಮ ಕಾಕಾ ಅವರು ಮೊದಲ ಬೆಂಚಿನ ಮೇಲೆಯೇ ಕುಳಿತು, ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ದರು.

"ಯಾಕೋ ತಮ್ಮಾ, ನಿನ್ನ ಸಿನಿಮಾದಾಂವ ಹಿಂಗ ನಿಲ್ತಿದ್ದನೇನು?" ಎಂದು ಅವರು ಕೇಳಿದರು.

"ಅಜ್ಜಾರ, ಅಂವ ಓಡ್ತಿದ್ದ, ನಡುನಡುವ ಮಾತೂ ಆಡ್ತಿದ್ದ" ಎಂದು ಹುಡುಗ ಏದುಸಿರಿನಲ್ಲಿಯೇ ಉತ್ತರಿಸಿದನು.

ಹುಡುಗ ಹೇಳಿದ್ದು 2000ದಲ್ಲಿ ಬಂದ 'ವರ್ಟಿಕಲ್ ಲಿಮಿಟ್' ಚಿತ್ರದ ಮಾತು. ಕಥೆ ನಡೆಯುವುದು 8,611 ಮೀಟರ್ ಎತ್ತರದ ಕೆ-2 ಪರ್ವತದಲ್ಲಿ. ಚಿತ್ರೀಕರಣವಾದದ್ದು ಅದಕ್ಕಿಂತ ಬಹಳ ತಗ್ಗಿನ ನ್ಯೂಜಿಲೆಂಡಿನ ಬೆಟ್ಟಗಳಲ್ಲಿ. ಬೆನ್ನಿನ ಮೇಲೆ ನೈಟ್ರೋಗ್ಲಿಸರಿನ್ ಹೊತ್ತು ಬಂಡೆಗಳ ನಡುವಿನ ಕಂದರವನ್ನು ಹಾರುವ ದೃಶ್ಯಗಳು ಅದರಲ್ಲಿವೆ. ಕೆ-2ರ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟು ಮಾತ್ರ. ಅಷ್ಟು ಎತ್ತರದಲ್ಲಿ ನುರಿತ ಆರೋಹಿಯೂ ಒಂದು ಹೆಜ್ಜೆಗೆ ಹಲವು ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಹಾರುವ ಮಾತಿಗೊಂದು ಸರಳ ಲೆಕ್ಕವೂ ಉಂಟು. 5 ಮೀಟರ್ ಕೆಳಗೆ ಬಿದ್ದ ದೇಹದ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಅರ್ಧ ಮೀಟರಿನೊಳಗೆ ಅದನ್ನು ತಡೆದು ನಿಲ್ಲಿಸಬೇಕಾದರೆ ಹಿಡಿದ ಕೈಯ ಮೇಲೆ ಬೀಳುವ ಬಲ ದೇಹದ ತೂಕದ ಹತ್ತು ಪಟ್ಟನ್ನೂ ಮೀರುತ್ತದೆ. ಬೆಳ್ಳಿತೆರೆಯ ನಾಯಕನು ಇದನ್ನು ಒಂದೇ ಕೈಯಲ್ಲಿ ನೆರವೇರಿಸುತ್ತಾನೆ! 1993ರ 'ಕ್ಲಿಫ್‌ಹ್ಯಾಂಗರ್' ಚಿತ್ರದ ನಾಯಕನಾದರೋ ತೆಳು ಅಂಗಿಯಲ್ಲಿ ಹಿಮದ ನಡುವೆ ಹೋರಾಡುತ್ತಾನೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಗೆ ಗಂಟೆಗೆ 50 ಕಿಲೋಮೀಟರಿನ ಗಾಳಿ ಸೇರಿದರೆ ಮೈಗೆ ತಾಗುವುದು ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿ. ಅಂಥಲ್ಲಿ ಬರಿಗೈ ಬೆರಳುಗಳು ಬೇಗನೆ ಕೆಲಸ ನಿಲ್ಲಿಸುತ್ತವೆ.

ಇಷ್ಟು ಹೇಳಿ ನಕ್ಕು ಸುಮ್ಮನಾಗಬಹುದಿತ್ತು. ಕಥೆಯೆಂದ ಮೇಲೆ ಉತ್ಪ್ರೇಕ್ಷೆ ಸಹಜ. ನಮ್ಮ ಪುರಾಣಗಳಲ್ಲಿಯೂ ಬೆಟ್ಟ ಎತ್ತಿದವರಿದ್ದಾರೆ, ಅದನ್ನು ಕಂಡು ಬೆಟ್ಟ ಎತ್ತಲು ಹೋದವರಿಲ್ಲ. ಆದರೆ ಇಳಿಯುವಾಗ ಕ್ಲೈನೆ ಶೈಡೆಗ್‌ನಲ್ಲಿ ಒಂದು ತಾಸು ತಂಗಿ, ಐಗರ್ ಪರ್ವತದ ಉತ್ತರ ಮುಖವನ್ನು ಎದುರಿಗೇ ಕಂಡಾಗ ನಗು ಬರಲಿಲ್ಲ. ಅದು ಸುಮಾರು 1,800 ಮೀಟರ್ ಎತ್ತರದ ಒಂದೇ ಕಡಿದಾದ ಗೋಡೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸಮುದ್ರಮಟ್ಟದಿಂದ ಇರುವ ಎತ್ತರ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಕ್ಕೀತು. ಜರ್ಮನ್ ಭಾಷೆಯಲ್ಲಿ 'ನಾರ್ಡ್‌ವಾಂಡ್' ಎಂದರೆ ಉತ್ತರದ ಗೋಡೆ. ಒಂದಕ್ಷರ ಬದಲಿಸಿ 'ಮಾರ್ಡ್‌ವಾಂಡ್', ಅಂದರೆ ಕೊಲೆಯ ಗೋಡೆ, ಎಂದು ಜನ ಕರೆದರು.

1936ರ ಜುಲೈ 18ರಂದು ಆಂಡ್ರಿಯಾಸ್ ಹಿಂಟರ್‌ಸ್ಟಾಯ್ಸರ್, ಟೋನಿ ಕುರ್ಟ್ಸ್, ವಿಲ್ಲಿ ಆಂಗೆರರ್, ಎಡಿ ರೈನರ್ ಎಂಬ ನಾಲ್ವರು ತರುಣರು ಈ ಗೋಡೆಯನ್ನು ಏರತೊಡಗಿದರು. ನುಣುಪಾದ ಬಂಡೆಯೊಂದನ್ನು ಅಡ್ಡಲಾಗಿ ದಾಟಿದ ಮೇಲೆ ತಮ್ಮ ಹಗ್ಗವನ್ನು ಎಳೆದುಕೊಂಡು ಮುಂದೆ ಸಾಗಿದರು. ಕಲ್ಲು ಬಿದ್ದು ಆಂಗೆರರ್‌ಗೆ ಪೆಟ್ಟಾಯಿತು; ಹಿಂದಿರುಗಬೇಕಾಯಿತು. ಅಷ್ಟರಲ್ಲಿ ಆ ಅಡ್ಡದಾರಿ ಮಂಜುಗಟ್ಟಿತ್ತು, ದಾಟಿಸುವ ಹಗ್ಗ ಅಲ್ಲಿರಲಿಲ್ಲ. ನೇರ ಕೆಳಗಿಳಿಯುವುದೊಂದೇ ಉಳಿದ ದಾರಿ. ಗೋಡೆಯ ಒಳಗಿನ ರೈಲು ಸುರಂಗಕ್ಕೆ, ಕಟ್ಟುವ ಕಾಲದಲ್ಲಿ ಕಲ್ಲು ಹೊರಗೆಸೆಯಲು ತೆಗೆದ ಬಾಯಿಯೊಂದಿದೆ. 21ರಂದು ರೈಲು ಕಾವಲುಗಾರನೊಬ್ಬನು ಆ ಬಾಗಿಲು ತೆರೆದು ಕೂಗಿದಾಗ ಎಲ್ಲರೂ ಕ್ಷೇಮವೆಂಬ ಉತ್ತರ ಬಂತು. ಆತ ಅವರಿಗಾಗಿ ಚಹಾ ಕಾಯಿಸಲು ಒಳಹೋದನು. ಬಹಳ ಹೊತ್ತಾದರೂ ಯಾರೂ ಬಾರದಿರಲು ಮತ್ತೆ ಬಂದು ಕೂಗಿದನು. ಆಗ ಕೇಳಿಬಂದದ್ದು ಒಬ್ಬನದೇ ದನಿ. ಹಿಮಪಾತ ಮೂವರನ್ನು ಬಲಿ ತೆಗೆದುಕೊಂಡಿತ್ತು. 23 ವರ್ಷದ ಕುರ್ಟ್ಸ್ ಮಾತ್ರ ಹಗ್ಗದಲ್ಲಿ ತೂಗಾಡುತ್ತಿದ್ದನು.

ರೈಲಿನಲ್ಲಿ ಬಂದ ಮಾರ್ಗದರ್ಶಿಗಳು ಅಂದು ಸಂಜೆ ಅವನನ್ನು ಮುಟ್ಟಲಾಗಲಿಲ್ಲ. ಇಡೀ ರಾತ್ರಿ ಆತ ಬಯಲಿನಲ್ಲಿ ತೂಗಾಡಿದನು. ಕೈಚೀಲವೊಂದು ಕಳೆದುಹೋಗಿ ಒಂದು ಕೈ ಮರಗಟ್ಟಿತ್ತು. ಬೆಳಗ್ಗೆ ಉಳಿದೊಂದು ಕೈ ಮತ್ತು ಹಲ್ಲುಗಳಿಂದ ಹಗ್ಗದ ಎಳೆಗಳನ್ನು ಬಿಡಿಸಿ, ಒಂದಕ್ಕೊಂದು ಕಟ್ಟಿ, ಗಂಟೆಗಟ್ಟಲೆ ದುಡಿದು ಕೆಳಕ್ಕೆ ಇಳಿಬಿಟ್ಟನು. ಮಾರ್ಗದರ್ಶಿಗಳು ಅದಕ್ಕೆ ತಮ್ಮ ಹಗ್ಗ ಕಟ್ಟಿದರು. ಉದ್ದ ಸಾಲದೆ ಇನ್ನೊಂದನ್ನು ಗಂಟು ಹಾಕಿ ಸೇರಿಸಿದರು. ಆ ಗಂಟು ಅವನ ಸೊಂಟದ ಲೋಹದ ಕೊಂಡಿಯಲ್ಲಿ ಸಿಕ್ಕಿಬಿತ್ತು. ಅದನ್ನು ತೂರಿಸುವ ಶಕ್ತಿ ಆ ಬೆರಳುಗಳಲ್ಲಿ ಉಳಿದಿರಲಿಲ್ಲ. ಇನ್ನು ತನ್ನಿಂದಾಗದು ಎಂದು ಹೇಳಿ, ಬದುಕಿಸಲು ಬಂದವರಿಗಿಂತ ಕೆಲವೇ ಮೀಟರ್ ಮೇಲೆ ಪ್ರಾಣ ಬಿಟ್ಟನು. ಎರಡು ವರ್ಷಗಳ ತರುವಾಯ, 1938ರ ಜುಲೈ 24ರಂದು, ಬೇರೆ ನಾಲ್ವರು ಈ ಗೋಡೆಯನ್ನು ಮೊದಲ ಬಾರಿಗೆ ಏರಿದರು.

1975ರಲ್ಲಿ ಬಂದ 'ದಿ ಐಗರ್ ಸ್ಯಾಂಕ್ಷನ್' ಚಿತ್ರದ ಕೊನೆಯ ದೃಶ್ಯ ಇದೇ ಗೋಡೆಯದು. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ ಚಿತ್ರವದು. ನಾಯಕನು ಸುರಂಗದ ಬಾಯಿಯ ಹತ್ತಿರ ಹಗ್ಗದಲ್ಲಿ ತೂಗಾಡುತ್ತಾನೆ, ಒಳಗಿನವರು ಹಗ್ಗವೆಸೆಯುತ್ತಾರೆ, ಆತ ಅದನ್ನು ಕಟ್ಟಿಕೊಂಡು ತನ್ನ ಹಳೆಯ ಹಗ್ಗವನ್ನು ಕತ್ತರಿಸಿ ಪಾರಾಗುತ್ತಾನೆ. ಅದೇ ಗೋಡೆ, ಅದೇ ಬಗೆಯ ಹಗ್ಗ. ಬೆರಳು ಮಾತ್ರ ಮರಗಟ್ಟಿಲ್ಲ, ಗಂಟು ಮಾತ್ರ ಸಿಕ್ಕಿಕೊಂಡಿಲ್ಲ. ವಿಚಿತ್ರವೆಂದರೆ ಈ ಚಿತ್ರದಲ್ಲಿ ಪರ್ವತ ಕೃತಕವಲ್ಲ, ಈಸ್ಟ್‌ವುಡ್ ತಾವೇ ಬಂಡೆ ಏರಿದ್ದರು. 1974ರ ಆಗಸ್ಟಿನಲ್ಲಿ ಚಿತ್ರೀಕರಣ ನಡೆದಿದ್ದಾಗ ಕಲ್ಲು ಬಿದ್ದು ಡೇವಿಡ್ ನೋಲ್ಸ್ ಎಂಬ ಬ್ರಿಟಿಷ್ ಆರೋಹಿ ಮರಣ ಹೊಂದಿದರು. ಕಥೆಯ ನಾಯಕನು ಉಳಿದ ಗೋಡೆಯ ಮೇಲೆ ಆ ಕಥೆಯನ್ನು ತೆಗೆಯಲು ಬಂದವರು ಉಳಿಯಲಿಲ್ಲ. 2008ರ ಜರ್ಮನ್ ಚಿತ್ರ 'ನಾರ್ಡ್‌ವಾಂಡ್' ಕುರ್ಟ್ಸ್‌ನ ಕಥೆಗೆ ಪ್ರೇಮಪ್ರಸಂಗವನ್ನು ಹೆಣೆದಿದ್ದರೂ ಅವನನ್ನು ಬದುಕಿಸಲು ಹೋಗಿಲ್ಲ. ಮನೆಯ ಮಕ್ಕಳಿಗೆ ತೋರಿಸುವುದಾದರೆ ಇದನ್ನೇ ತೋರಿಸಿರೆಂದು ನಮ್ಮ ಸಲಹೆ.

ನಿಲ್ದಾಣದ ಬಳಿಯ ದೂರದರ್ಶಕಕ್ಕೆ ಕಾಕಾ ಅವರು ಬಹಳ ಹೊತ್ತು ಕಣ್ಣಿಟ್ಟಿದ್ದರು. ಬಂಡೆಯ ನಡುವೆ ಕಪ್ಪು ಚುಕ್ಕೆಗಳಂತೆ ಕಾಣುವವು ಹಿಂದಿನ ಐಗರ್‌ವಾಂಡ್ ನಿಲ್ದಾಣದ ಕಿಟಕಿಗಳು. 2016ರವರೆಗೆ ರೈಲು ಅಲ್ಲಿ ಕೆಲವು ನಿಮಿಷ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಅದಕ್ಕೂ ಕೆಳಗೆ, ಹುಡುಕಿದರಷ್ಟೇ ಕಾಣುವಂತೆ, ಚಹಾ ಕಾಯಿಸಿದ ಕಾವಲುಗಾರನ ಬಾಗಿಲಿದೆ. 1971ರಿಂದೀಚೆಗೆ ಹೆಲಿಕಾಪ್ಟರಿನಿಂದಲೇ ಗೋಡೆಯ ಮೇಲಿನವರನ್ನು ಎತ್ತಿಕೊಳ್ಳುವುದು ಸಾಧ್ಯವಾಗಿದೆ, ಆದರೆ ಮೋಡ ಕವಿದರೆ ಅದೂ ನಡೆಯದು. ನಾವು ನೋಡುತ್ತಿದ್ದಂತೆಯೇ ಮೋಡವೊಂದು ಕೆಳಗಿನಿಂದೆದ್ದು ಗೋಡೆಯ ಅರ್ಧವನ್ನು ಮುಚ್ಚಿತು. ಹವೆ ಕೆಟ್ಟು ಹಿಂದಿರುಗುವ ಆರೋಹಿಗಳು ಇಂದಿಗೂ ಆ ಬಾಗಿಲಿನಿಂದಲೇ ಸುರಂಗದೊಳಕ್ಕೆ ಬರುವುದುಂಟು.