ಸೌಂದರ್ಯಳಿಗೆ ಅವ್ವನ ನಮಸ್ಕಾರ

2023ರ ಜುಲೈ. ಪವರ್ ಟಿವಿಯಲ್ಲಿ ‘ಸೌಂದರ್ಯ’ ಬಂದ ಹೊಸತು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಕನ್ನಡದ ಮೊದಲ ವಾರ್ತಾ ನಿರೂಪಕಿ ಎಂದು ಎಲ್ಲ ಕಡೆ ಸುದ್ದಿ. ಅದೇ ತಿಂಗಳು ಒಡಿಶಾದ ಒಟಿವಿಯಲ್ಲಿ ‘ಲೀಸಾ’ ಬಂದಿದ್ದಳು. ಸುರಪುರ ತಾಲೂಕಿನ ನಮ್ಮೂರಲ್ಲಿ ಅವ್ವನ ಪಕ್ಕ ಕುಳಿತು ಫೋನಿನಲ್ಲಿ ವಿಡಿಯೊ ತೋರಿಸಿದೆ. ಪರದೆಯ ಮೇಲಿನ ಹೆಣ್ಣುಮಗಳು ನಮಸ್ಕಾರ ಎಂದಳು. ಅವ್ವ ಥಟ್ಟನೆ ಕೈ ಜೋಡಿಸಿದಳು.

“ಅವ್ವಾ, ಇದು ಮನುಷ್ಯಾಳಲ್ಲ. ಕಂಪ್ಯೂಟರ್ ಮಾಡಿದ ಗೊಂಬಿ.”

“ಗೊಂಬಿ ಇದ್ರ ಏನಾತು? ನಮಸ್ಕಾರ ಅಂತು. ಸುಮ್ನ ಕುಂದರಲೇನು?”

ನಕ್ಕೆ. ಆದರೆ ಒಳಗೆ ನಗು ಇರಲಿಲ್ಲ. ನಾನು ಜಿಲ್ಲೆಯ ಸ್ಟ್ರಿಂಗರ್. ಸಂಬಳವಿಲ್ಲ, ಅಚ್ಚಾದ ಸುದ್ದಿಗಿಷ್ಟು ಎಂದು ದುಡ್ಡು. ಪೆಟ್ರೋಲು ನನ್ನದೇ. ಹಸಿವು, ನಿದ್ದೆ, ರಜೆ ಯಾವುದೂ ಇಲ್ಲದ ಒಬ್ಬಳು ನಮ್ಮ ಓಣಿಗೆ ಬಂದಳಲ್ಲ ಎಂಬ ಅಳುಕು. ಅದಕ್ಕೇ ಆ ವಾರ ಮನುಷ್ಯನ ಮಿದುಳು ಇಂಥವನ್ನು ಹೇಗೆ ನೋಡುತ್ತದೆ ಎಂದು ಓದಲು ಕುಳಿತೆ.

ಓದುವಾಗ ಮೊದಲು ನೆನಪಾದದ್ದು ನಮ್ಮ ಶಹಾಪುರದ ಬೆಟ್ಟ. ದೂರದಿಂದ ನೋಡಿದರೆ ಅಂಗಾತ ಮಲಗಿದ ಬುದ್ಧ: ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ಹತ್ತಿರ ಹೋದರೆ ಬರೀ ಬಂಡೆ. ಬಂಡೆ ಎಂದು ಗೊತ್ತಿದ್ದರೂ ಮರುದಿನ ಮತ್ತೆ ಬುದ್ಧನೇ ಕಾಣುತ್ತಾನೆ. ಮಿದುಳಿನ ತಳಭಾಗದಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಒಂದು ಜಾಗವಿದೆ ಎಂದು 1997ರಲ್ಲಿ ಅಮೆರಿಕದ ನ್ಯಾನ್ಸಿ ಕ್ಯಾನ್ವಿಷರ್ ಮತ್ತು ಸಂಗಡಿಗರು ತೋರಿಸಿದರು. ಮಿದುಳಿಗೆ ಮುಖ ಹುಡುಕುವ ಅವಸರ ಎಷ್ಟೆಂದರೆ ಮೋಡ, ಕಲ್ಲು, ಗೊಂಬೆ ಯಾವುದನ್ನೂ ಬಿಡುವುದಿಲ್ಲ. ಅವ್ವನ ಕೈ ಜೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಮುಖ ಕಾಣುವುದು ಬೇರೆ, ಅದರ ಹಿಂದೆ ಒಂದು ಮನಸ್ಸಿದೆ ಎಂದು ಎಣಿಸುವುದು ಬೇರೆ. 2008ರಲ್ಲಿ ಜರ್ಮನಿಯ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಸ್ಕ್ಯಾನರ್ ಯಂತ್ರದೊಳಗೆ ಮಲಗಿದವರು ನಾಲ್ವರು ಎದುರಾಳಿಗಳ ಜೊತೆ ಒಂದೇ ಆಟ ಆಡಬೇಕು. ಮೊದಲನೆಯದು ಬರೀ ಕಂಪ್ಯೂಟರ್, ಇನ್ನೊಂದು ಸಾದಾ ರೋಬೋ, ಮತ್ತೊಂದು ಮನುಷ್ಯರೂಪದ ರೋಬೋ, ಕೊನೆಗೆ ಒಬ್ಬ ಮನುಷ್ಯ. ಅಸಲಿಗೆ ನಾಲ್ವರ ಆಟವೂ ಒಂದೇ ಬಗೆಯದು, ಗೊತ್ತುಗುರಿಯಿಲ್ಲದ್ದು. ಆದರೂ ಎದುರಾಳಿ ಮನುಷ್ಯನಿಗೆ ಹತ್ತಿರವಾದಷ್ಟೂ ಆಡುವವರ ಮಿದುಳಿನ ಎರಡು ಜಾಗಗಳು ಹೆಚ್ಚು ಚುರುಕಾದವು. ಒಂದು ಹಣೆಯ ಹಿಂದೆ, ಇನ್ನೊಂದು ಬಲಗಿವಿಯ ಮೇಲ್ಭಾಗದಲ್ಲಿ. ‘ಇವರ ಮನಸ್ಸಿನಲ್ಲಿ ಏನಿದೆ’ ಎಂದು ನಾವು ಲೆಕ್ಕ ಹಾಕುವಾಗ ದುಡಿಯುವ ಜಾಗಗಳು ಇವು. 2019ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನೇ ಮಾತುಕತೆಯಲ್ಲಿ ನೋಡಿದರು. ರೋಬೋ ಜೊತೆಗಿಂತ ಮನುಷ್ಯರ ಜೊತೆ ಮಾತಾಡುವಾಗ ಆ ಕಿವಿಯ ಮೇಲಿನ ಭಾಗ ಹೆಚ್ಚು ಕೆಲಸ ಮಾಡಿತ್ತು.

ಓದಿ ನನಗೆ ಸಮಾಧಾನವಾಯಿತು. ಯಂತ್ರಕ್ಕೆ ಸಿಗುವುದು ನಮಸ್ಕಾರ, ಮನುಷ್ಯರಿಗೆ ಸಿಗುವುದು ಮನಸ್ಸು ಎಂದುಕೊಂಡೆ. ಆ ಲೆಕ್ಕ ನನ್ನ ಮೇಲೇ ತಿರುಗುತ್ತದೆ ಎಂದು ಆಗ ಅನಿಸಿರಲಿಲ್ಲ.

ಮರುವರ್ಷ ಅವ್ವನಿಗೆ ಕನ್ನಡದಲ್ಲಿ ಮಾತಾಡುವ ಒಂದು ಫೋನ್ ಕೊಡಿಸಿದೆ. ನಾನಿರುವುದು ಶಹಾಪುರದಲ್ಲಿ, ಓಡಾಟ ಯಾದಗಿರಿಗೆ. ಅವ್ವ ಒಬ್ಬಳೇ. ಮಳೆ ಕೇಳಿದರೆ ಹೇಳುತ್ತದೆ, ವಚನ ಹಚ್ಚು ಎಂದರೆ ಹಚ್ಚುತ್ತದೆ. ಅವಳಿಗೆ ಜೊತೆಯಾಯಿತು ಎಂದು ನಾನು ನಿರಾಳನಾದೆ. ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗತೊಡಗಿದೆ.

ಒಂದು ದಿನ ಮಗ್ಗಲು ಮನೆಯ ಕಾಕಾನ ಫೋನು: “ನಿಮ್ಮವ್ವ ಕಾಲು ಎಳಕೋತ ನಡದಾಳ. ಬಂದು ನೋಡಿ ಹೋಗು.”

ಹೋದೆ. ನೀರು ತರುವಾಗ ಜಾರಿ ಬಿದ್ದು ಮೊಣಕಾಲು ಬಾತಿತ್ತು. ಬಿದ್ದು ಆರು ದಿನವಾಗಿತ್ತು.

“ನನಗ್ಯಾಕ ಹೇಳಲಿಲ್ಲ?”

“ಈ ಫೋನಿಗೆ ಹೇಳಿದ್ನೆಪ್ಪ, ಮೊಣಕಾಲು ಬಾತದ ಅಂತ. ಕ್ಷಮಿಸಿ, ಅರ್ಥ ಆಗಲಿಲ್ಲ ಅಂತು. ಇರಲಿ ಬಿಡವ್ವ ಅಂದೆ, ಪಾಪ.”

“ಅದು ಯಂತ್ರ, ಅವ್ವಾ. ನಾ ಕೇಳಾಕತ್ತಿದ್ದು ನನಗ್ಯಾಕ ಹೇಳಲಿಲ್ಲ ಅಂತ.”

“ಯಂತ್ರ ಅಂತ ನನಗ ಗೊತ್ತಿಲ್ಲೇನು? ನಿನಗೂ ಹೇಳಿದ್ದೆ. ಮರುದಿನಾನ ಫೋನಿನಾಗ. ನೀ ಹೂಂ ಹೂಂ ಅಂದಿ.”

ಆ ಕರೆ ನೆನಪಾಯಿತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸುದ್ದಿ ಟೈಪ್ ಮಾಡುತ್ತಿದ್ದೆ. ಉಂಡಿಯೇನವ್ವಾ, ಔಷಧ ತಗೊಂಡಿಯೇನು ಎಂಬ ಎರಡು ಪ್ರಶ್ನೆ, ಆಮೇಲೆ ಹೂಂ. ಆ ಫೋನು ಅರ್ಥ ಆಗಲಿಲ್ಲ ಎಂದಾದರೂ ಹೇಳಿತ್ತು. ನಾನು ಅದನ್ನೂ ಹೇಳಿರಲಿಲ್ಲ. ಅವ್ವ ಯಂತ್ರವನ್ನು ಒಂದು ದಿನವೂ ಮನುಷ್ಯ ಎಂದುಕೊಂಡಿರಲಿಲ್ಲ. ಅದು ನನ್ನ ಬದಲು ಅವಳ ಜೊತೆಗಿದೆ ಎಂದು ನಂಬಿ ಮೋಸಹೋದವನು ನಾನು. ಆ ದಿನ ನನ್ನ ತಲೆಯನ್ನು ಸ್ಕ್ಯಾನರಿನಲ್ಲಿ ಇಟ್ಟಿದ್ದರೆ ಬಲಗಿವಿಯ ಮೇಲ್ಭಾಗ ಎಷ್ಟು ಎಚ್ಚರವಿರುತ್ತಿತ್ತೋ!

ಕಸುಬಿನ ಬಗ್ಗೆಯೂ ಅಂದಿನಿಂದ ಬೇರೆಯಾಗಿ ಯೋಚಿಸುತ್ತೇನೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಗೆ ದಾರಿ ಕಡಿಯುತ್ತಿತ್ತು. ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂದು ಸೌಂದರ್ಯ ನನಗಿಂತ ಚೆನ್ನಾಗಿ, ತಪ್ಪಿಲ್ಲದೆ ಓದುತ್ತಾಳೆ. ಹೊಳೆದಂಡೆಯಲ್ಲಿ ನಿಂತು ನಾನೂ ಬರೀ ಕ್ಯೂಸೆಕ್ಕನ್ನೇ ಬರೆದು ಕಳಿಸಿದರೆ ನನಗೂ ಅವಳಿಗೂ ಏನು ಫರಕು? ಆಚೆ ದಂಡೆಯಲ್ಲಿ ಯಾರಿಗೆ ಜ್ವರ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಕೇಳಬೇಕು. ಕೇಳಿ, ಉತ್ತರ ಬರುವವರೆಗೆ ನಿಲ್ಲಬೇಕು.

ಫೋನು ಇನ್ನೂ ಅವ್ವನ ಹತ್ತಿರವೇ ಇದೆ. ವಚನ ಹಚ್ಚಿಸಿಕೊಳ್ಳುತ್ತಾಳೆ, ಮುಗಿದ ಮೇಲೆ “ಸಾಕವ್ವ, ಮಲಗು” ಎನ್ನುತ್ತಾಳೆ. ಈಗ ಭಾನುವಾರ ತಪ್ಪಿಸುವುದಿಲ್ಲ. ಹೋದ ವಾರ ಅವಳು ಎಮ್ಮೆಯ ಕಥೆ ಹೇಳುತ್ತಿದ್ದಾಗ ನನ್ನ ಫೋನು ಗುಂಯ್‌ಗುಟ್ಟಿತು. ಡೆಸ್ಕಿನಿಂದ. ಅವ್ವ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು.

ಫೋನನ್ನು ಮಗುಚಿಟ್ಟೆ. “ಆಮ್ಯಾಲೆ ಎಮ್ಮಿ ಎಲ್ಲಿ ಹೋತವ್ವಾ?” ಅಂದೆ.